ಮೇ ತಿಂಗಳಲ್ಲಿ ಮಾಳಿಗೆ ರಿಪೇರಿ: ಯಾವ ಕೆಲಸಕ್ಕೆ ಯಾವ ಹೊತ್ತು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಕಲಬುರಗಿಯಲ್ಲಿದ್ದಾರೆ. ಮನೆ 1994ರಲ್ಲಿ ಕಟ್ಟಿಸಿದ್ದು. ಆರ್‌ಸಿಸಿ ಚಾವಣಿ, ಒಳಗೆ ಶಹಾಬಾದ್ ಫರಸಿ. ಮಳೆಗಾಲದಲ್ಲಿ ಎರಡು ಕಡೆ ಸೋರುತ್ತದೆ. ಬೇಸಿಗೆಯಲ್ಲಿ ಮಲಗುವ ಕೋಣೆ ರಾತ್ರಿ ಹನ್ನೊಂದಾದರೂ ಕಾದಿರುತ್ತದೆ. ಮೇ ಮಧ್ಯದಲ್ಲಿ ಎಂಟು ದಿನ ರಜೆ ಹಾಕಿ ಹೋಗುತ್ತಿದ್ದೇನೆ. ಸೋರುವುದನ್ನು ನಿಲ್ಲಿಸಿ, ಮಾಳಿಗೆಗೆ ಬಿಳಿ ಬಳಿದು, ಸಂಪು ತೊಳೆದು, ಕೂಲರ್ ಸರಿ ಮಾಡಿ ಬರಬೇಕು ಅಂತಿದ್ದೇನೆ. ಕಳೆದ ವರ್ಷ ಹೀಗೇ ಮಾಳಿಗೆ ಹತ್ತಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತಲೆ ತಿರುಗಿ, ವಾಂತಿಯಾಗಿ ಎರಡು ದಿನ ಮಲಗಿಬಿಟ್ಟೆ. ಅಪ್ಪನಿಗೆ 68 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ. ಆದರೂ ನಾನೂ ಕೈ ಹಚ್ತೀನಿ ಅಂತಾರೆ. ಹೇಗೆ ಮಾಡಲಿ?

ಉತ್ತರ: ನಿಮ್ಮ ಪತ್ರ ಏಪ್ರಿಲ್‌ನಲ್ಲೇ ಬಂದದ್ದು ಒಳ್ಳೆಯದಾಯಿತು. ಯಾಕೆಂದರೆ ನೀವು ಬರೆದಿರುವ ಕೆಲಸಗಳೆಲ್ಲ ಎಂಟು ದಿನದಲ್ಲಿ ಮುಗಿಯುವುದಿಲ್ಲ. ನಿಮ್ಮ ಕೈ ಸಾಲದು ಅಂತಲ್ಲ, ಸಿಮೆಂಟು ಅಷ್ಟು ಬೇಗ ತಯಾರಾಗುವುದಿಲ್ಲ. ಒಂದಿಷ್ಟು ಕೆಲಸ ನೀವು ಊರಿಗೆ ಹೋಗುವ ಮೊದಲೇ ಆಗಿರಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಳೆದ ವರ್ಷದ ವಿಷಯ. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಮಾತ್ರ ಅಲ್ಲೇ ಗಂಟಲು ಕಟ್ಟಿತು. ತಲೆ ತಿರುಗಿ ವಾಂತಿಯಾಗುವುದು ಬಿಸಿಲಿನ ಬಳಲಿಕೆ. ಆಗಲೂ ಬಿಸಿಲಲ್ಲೇ ಇದ್ದರೆ ಮುಂದಿನ ಮೆಟ್ಟಿಲು ಬಿಸಿಲಾಘಾತ. ಅದರಲ್ಲಿ ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ನೀವು ಕೆಳಗಿಳಿದು ಬಂದಿರಿ, ಅದೇ ದೊಡ್ಡದು.

ಯಾಕೆ ಹಾಗಾಯಿತು ಅಂತ ಯೋಚಿಸಿ ನೋಡಿ. ನೀವು ಕಲಬುರಗಿಯಲ್ಲೇ ಹುಟ್ಟಿ ಬೆಳೆದವರಿರಬಹುದು. ಆದರೆ ಈಗ ನಿಮ್ಮ ಮೈ ಬೆಂಗಳೂರಿನದು. ಬಿಸಿಲಿಗೆ ಮೈ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ, ಬೆವರಿನಲ್ಲಿ ಕಡಿಮೆ ಉಪ್ಪು ಕಳೆದುಕೊಳ್ಳುತ್ತದೆ. ರಾತ್ರಿ ಬಸ್ಸಿನಲ್ಲಿ ಅರೆನಿದ್ದೆ ಮಾಡಿ, ಬೆಳಗ್ಗೆ ಇಳಿದು, ಚಹಾ ಕುಡಿದು ಮಾಳಿಗೆ ಹತ್ತಿದವರಿಗೆ ಅದ್ಯಾವುದೂ ಇರುವುದಿಲ್ಲ. ನಿಮ್ಮ ಪಕ್ಕದಲ್ಲೇ ಕೆಲಸ ಮಾಡುವ ಗೌಂಡಿಗೆ ಏನೂ ಆಗದೆ ನಿಮಗೆ ಮಾತ್ರ ಆದರೆ ಅದಕ್ಕೆ ನಾಚಿಕೊಳ್ಳಬೇಡಿ. ಆತ ಫೆಬ್ರವರಿಯಿಂದ ದಿನಾ ಸ್ವಲ್ಪ ಸ್ವಲ್ಪ ಒಗ್ಗಿಕೊಂಡು ಬಂದಿರುತ್ತಾನೆ. ಹಾಗಾಗಿ ಈ ಸಲ ಮೊದಲ ದಿನ ಮಾಳಿಗೆಗೆ ಹೋಗಿ ನೋಡಿ, ಅಳತೆ ತಗೊಳ್ಳಿ, ಇಳಿದು ಬನ್ನಿ. ಎರಡನೇ ದಿನ ಒಂದು ತಾಸು. ಮೂರನೇ ದಿನದಿಂದ ಎರಡೆರಡು ತಾಸು. ಅಷ್ಟು ಸಾಕು.

ಮೂವತ್ತು ವರ್ಷ ಈ ಭಾಗದಲ್ಲಿ ಕಟ್ಟಡದ ಕೆಲಸ ಮಾಡಿಸಿ ನಾನು ಕಲಿತದ್ದು ಒಂದು ಮಾತು. ಮೈಗೆ ಆಗದ ಹೊತ್ತು ಸಿಮೆಂಟಿಗೂ ಆಗದ ಹೊತ್ತು, ಸುಣ್ಣಕ್ಕೂ ಆಗದ ಹೊತ್ತು, ಬಣ್ಣಕ್ಕೂ ಆಗದ ಹೊತ್ತು. ಜನ ಏನಂದುಕೊಳ್ಳುತ್ತಾರೆ ಅಂದರೆ, ತಂಪು ಹೊತ್ತಿನಲ್ಲಿ ಕೆಲಸ ಮಾಡುವುದು ನಮ್ಮ ಸುಖಕ್ಕೆ, ಬಿಸಿಲಲ್ಲಿ ಮಾಡಿದರೆ ಕೆಲಸ ಬೇಗ ಒಣಗಿ ಗಟ್ಟಿಯಾಗುತ್ತದೆ ಅಂತ. ಇದು ತಪ್ಪು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಮಧ್ಯಾಹ್ನ ಹಾಕಿದ ಗಿಲಾವಿನ ನೀರು ಅರ್ಧ ತಾಸಿನಲ್ಲಿ ಹಾರಿಹೋಗುತ್ತದೆ. ಮೇಲೆ ಕೂದಲೆಳೆಯ ಬಿರುಕು ಬಿಡುತ್ತದೆ. ಅದೇ ಬಿರುಕಿನಲ್ಲಿ ಮುಂದಿನ ಮಳೆ ಇಳಿಯುತ್ತದೆ. ಗಾಳಿಯ ಬಿಸಿ 40 ಡಿಗ್ರಿ ದಾಟಿದರೆ ಕಾಂಕ್ರೀಟ್ ಕೆಲಸಕ್ಕೆ ವಿಶೇಷ ಎಚ್ಚರಿಕೆ ಬೇಕು ಅಂತ ಭಾರತೀಯ ಮಾನಕ ಐಎಸ್ 7861 ಹೇಳುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಸಾಮಾನ್ಯ ದಿನ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ನೆರಳಲ್ಲಿ ಫ್ಯಾನಿನ ಕೆಳಗೆ ಕೂರುವವರಿಗೇ ಅಷ್ಟು ವಿನಾಯಿತಿ ಬೇಕು ಅಂದರೆ ಮಾಳಿಗೆಯ ಮೇಲೆ ನಿಲ್ಲುವವರಿಗೆ ಬೇಡವೇ?

ಈಗ ಸೋರುವ ವಿಷಯಕ್ಕೆ ಬರೋಣ. ನಿಮ್ಮ ತಂದೆಯವರಿಗೆ ಇವತ್ತೇ ಫೋನ್ ಮಾಡಿ ಒಂದು ಕೆಲಸ ಹೇಳಿ. ಮಾಳಿಗೆ ಹತ್ತುವುದು ಬೇಡ, ಮನೆಯೊಳಗಿಂದಲೇ ಆ ಎರಡು ಕಲೆಗಳನ್ನು ಮುಟ್ಟಿ ನೋಡಲಿ. ಏಪ್ರಿಲ್‌ನಲ್ಲೂ ಅಲ್ಲಿ ತೇವ ಇದ್ದರೆ ಅದು ಮಳೆ ನೀರಲ್ಲ. ಮೇಲಿನ ಟ್ಯಾಂಕು ತುಂಬಿ ಚೆಲ್ಲುತ್ತಿರಬೇಕು, ಇಲ್ಲವೇ ಪೈಪಿನ ಜೋಡಣೆ ಸೋರುತ್ತಿರಬೇಕು. ಹತ್ತು ಸಾವಿರದ ವಾಟರ್‌ಪ್ರೂಫಿಂಗ್ ಮಾಡಿಸಿ, ಆಮೇಲೆ ಐವತ್ತು ರೂಪಾಯಿಯ ವಾಷರ್ ಹೋಗಿತ್ತು ಅಂತ ಗೊತ್ತಾದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಮಳೆಗಾಲದಲ್ಲಿ ಎಲ್ಲವೂ ಒದ್ದೆ ಇರುವಾಗ ಈ ವ್ಯತ್ಯಾಸ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ತಿಳಿಯುತ್ತದೆ.

ಇನ್ನೊಂದು. ಆ ಕಲೆಯ ಸುತ್ತ ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಲಿ, ತಲೆ ಪಕ್ಕಕ್ಕಿಟ್ಟು. ಟಣ್ ಅಂದರೆ ಚಿಂತೆ ಇಲ್ಲ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದರೆ, ಅಥವಾ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣಿಸುತ್ತಿದ್ದರೆ, ಇದು ಬಣ್ಣ ಬಳಿದು ಮುಚ್ಚುವ ಕೆಲಸ ಅಲ್ಲವೇ ಅಲ್ಲ. ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಅಂಥ ಚಾವಣಿಯ ಕೆಳಗಿನ ಮಂಚವನ್ನು ಅದೇ ದಿನ ಸರಿಸಿ. ಒಬ್ಬ ಇಂಜಿನಿಯರ್‌ಗೆ ತೋರಿಸಿ ಮುಂದಿನ ಹೆಜ್ಜೆ ಇಡಿ.

ಅಷ್ಟು ಕೆಟ್ಟಿಲ್ಲ ಅಂದುಕೊಂಡು ಮುಂದೆ ಹೇಳುತ್ತೇನೆ. ಮಳೆ ನೀರು ಮಾಳಿಗೆಯ ನಡುವಿನಿಂದ ಇಳಿಯುವುದು ಕಡಿಮೆ. ಹೆಚ್ಚಿನ ಸಲ ಅದು ಮೂರು ಕಡೆ ದಾರಿ ಮಾಡಿಕೊಳ್ಳುತ್ತದೆ: ಪ್ಯಾರಾಪೆಟ್ ಗೋಡೆ ಮಾಳಿಗೆಗೆ ಕೂಡುವ ಮೂಲೆ, ನೀರು ಹೊರಹೋಗುವ ಪೈಪಿನ ಬಾಯಿ, ಮತ್ತೆ ಟ್ಯಾಂಕಿನ ಕಟ್ಟೆಯ ಬುಡ. ಇವುಗಳಲ್ಲಿ ಯಾವುದು ಅಂತ ತಿಳಿಯಲು ಇಡೀ ಮಾಳಿಗೆಗೆ ನೀರು ನಿಲ್ಲಿಸಿ ನೋಡಿ ಅಂತ ಪುಸ್ತಕದಲ್ಲಿರುತ್ತದೆ. ಆದರೆ 1,200 ಚದರ ಅಡಿಗೆ ಒಂದು ಇಂಚು ನೀರು ನಿಲ್ಲಿಸಲು 2,800 ಲೀಟರ್ ಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಅಷ್ಟು ನೀರು ಮಾಳಿಗೆಗೆ ಸುರಿಯಿರಿ ಅಂತ ನಾನು ಹೇಳಲಾರೆ. ಅನುಮಾನ ಇರುವ ಮೂಲೆಯಲ್ಲಿ ಮಾತ್ರ ನಾಲ್ಕು ಅಡಿಗೆ ನಾಲ್ಕು ಅಡಿ ಜಾಗಕ್ಕೆ ಜೇಡಿಮಣ್ಣಿನ ಸಣ್ಣ ಒಡ್ಡು ಕಟ್ಟಿ. ಅಲ್ಲಿ ಒಂದು ಇಂಚು ನೀರು ನಿಲ್ಲಿಸಲು 40 ಲೀಟರ್ ಸಾಕು, ಅಂದರೆ ಮೂರು ಬಕೆಟ್. ಬಟ್ಟೆ ಒಗೆದು ಜಾಲಿಸಿದ ನೀರಾದರೂ ನಡೆಯುತ್ತದೆ. ಸಂಜೆ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಒಂದು ದಿನ ಬಿಟ್ಟು ಒಳಗಿನ ಕಲೆ ನೋಡಿ.

ಬಿರುಕು ಹುಡುಕುವುದಕ್ಕೂ ಹೊತ್ತು ಇದೆ. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಮೂವತ್ತು ಅಡಿ ಉದ್ದದ ಚಾವಣಿ ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ ಹೋಗುವಷ್ಟರಲ್ಲಿ ಸುಮಾರು 3 ಮಿಲಿಮೀಟರ್ ಹಿಗ್ಗಿಬಿಡಬಲ್ಲದು. ಹಾಗಾಗಿ ಬೆಳಗ್ಗೆ ಆರಕ್ಕೆ ಬಾಯಿ ತೆರೆದುಕೊಂಡ ಬಿರುಕು ಮಧ್ಯಾಹ್ನ ಎರಡಕ್ಕೆ ಕಣ್ಣಿಗೇ ಬೀಳುವುದಿಲ್ಲ. ಮಧ್ಯಾಹ್ನ ಮುಚ್ಚಿಕೊಂಡಿರುವ ಬಿರುಕಿಗೆ ಮೇಲೆ ಮೇಲೆ ಏನಾದರೂ ಸವರಿದರೆ, ರಾತ್ರಿ ಅದು ತೆರೆದುಕೊಳ್ಳುವಾಗ ಸವರಿದ್ದನ್ನು ಹರಿದುಹಾಕುತ್ತದೆ. ಬಿರುಕು ತುಂಬುವ ಕೆಲಸ ಬೆಳಗಿನದೇ. ಬಿರುಕನ್ನು ಉಳಿಯಿಂದ ವಿ ಆಕಾರಕ್ಕೆ ಸ್ವಲ್ಪ ಅಗಲ ಮಾಡಿ. ಬ್ರಷ್ಷಿನಿಂದ ಧೂಳು ಪೂರ್ತಿ ತೆಗೆಯಿರಿ. ಹಿಗ್ಗಿ ಕುಗ್ಗುವ ಗುಣವಿರುವ ಸೀಲೆಂಟ್ ತುಂಬಿ. ಬರೀ ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಅಲ್ಲೇ ಮತ್ತೆ ಬಿರುಕು.

ಮೂಲೆಗಳಿಗೆ ಗಾರೆ ಹಾಕುವುದು, ನೀರು ನಿಲ್ಲುವ ತಗ್ಗಿಗೆ ವಾಟ ಕೊಡುವುದು, ಇವು ಗೌಂಡಿಯ ಕೆಲಸ. ಇದನ್ನು ಸಂಜೆ ಮಾಡಿಸಿ. ಐದೂವರೆಗೆ ಆ ಜಾಗಕ್ಕೆ ನೀರು ಚಿಮುಕಿಸಿ ತಣಿಸಿ, ಬಿಸಿಲು ಇಳಿದ ಮೇಲೆ ಗಾರೆ ಹಾಕಿದರೆ ಅದಕ್ಕೆ ಇಡೀ ರಾತ್ರಿ ಸಿಗುತ್ತದೆ. ಬೆಳಗ್ಗೆ ಸೂರ್ಯ ಬರುವ ಮೊದಲು ಒದ್ದೆ ಗೋಣಿ ಚೀಲ ಹೊದಿಸಬೇಕು. ಒಣ ಬಿಸಿಲಿನ ಜಾಗದಲ್ಲಿ ಕನಿಷ್ಠ 10 ದಿನ ಹಸಿಯಾಗಿಡಬೇಕು ಅಂತ ಐಎಸ್ 456 ಹೇಳುತ್ತದೆ. ನೀವು ಈಗ ಅಂಗಡಿಯಲ್ಲಿ ತರುವುದು ಹೆಚ್ಚಾಗಿ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು. ಅದಕ್ಕೆ 14 ದಿನ ಕೊಟ್ಟರೆ ಇನ್ನೂ ಒಳ್ಳೆಯದು. ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲಿಟ್ಟರೆ ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೀರು ಸಾಕಾಗುತ್ತದೆ.

ನಾನು ಎಂಟು ದಿನ ಸಾಲದು ಅಂದದ್ದು ಇದಕ್ಕೇ. ಗಾರೆ ಹಸಿ ಇರುವಾಗ ಅದರ ಮೇಲೆ ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಮೊದಲು ನೀರುಣಿಸಬೇಕು, ಆಮೇಲೆ ಮೂರು ನಾಲ್ಕು ದಿನ ಪೂರ್ತಿ ಒಣಗಲು ಬಿಡಬೇಕು, ಅದಾದ ಮೇಲೆಯೇ ಬಣ್ಣ. ಗೌಂಡಿಯ ಕೆಲಸ ಏಪ್ರಿಲ್ ಕೊನೆಯ ವಾರದಲ್ಲೇ ಮುಗಿಯಲಿ. ನೀವು ಮೇ ಮಧ್ಯದಲ್ಲಿ ಹೋಗುವಷ್ಟರಲ್ಲಿ ಮಾಳಿಗೆ ಬಣ್ಣಕ್ಕೆ ತಯಾರಿರುತ್ತದೆ. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವುದು ಜೂನ್ 7, 8ರ ಸುಮಾರಿಗೆ. ಅಷ್ಟರಲ್ಲಿ ಎಲ್ಲ ಗಟ್ಟಿಯಾಗಿರುತ್ತದೆ.

ಹಳೆಯ ಮಣ್ಣಿನ ಮಾಳಿಗೆ ಮನೆಗಳಿದ್ದಾಗ ನಮ್ಮ ಹಿರಿಯರು ಬೇಸಿಗೆ ಕೊನೆಯಲ್ಲೇ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಆ ಕೆಲಸವನ್ನು ಅವರು ನಸುಕಿನಲ್ಲಿ ಮಾಡಿ ಹೊತ್ತೇರುವ ಮೊದಲು ಇಳಿದುಬಿಡುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಆರ್‌ಸಿಸಿ ಬಂದ ಮೇಲೆ ಮಾಳಿಗೆಗೆ ವರ್ಷಕ್ಕೊಮ್ಮೆ ಏನಾದರೂ ಮಾಡಬೇಕು ಅನ್ನುವುದೇ ನಮಗೆ ಮರೆತುಹೋಯಿತು.

ಇನ್ನು ಬಿಳಿ ಬಳಿಯುವುದು. ನಿಮ್ಮ ಕೋಣೆ ರಾತ್ರಿ ಹನ್ನೊಂದಕ್ಕೂ ಕಾದಿರಲು ಕಾರಣ ಸರಳ. ನಾಲ್ಕೈದು ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿಕೊಂಡಿರುತ್ತದೆ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲಾಗದಷ್ಟು, 60 ಡಿಗ್ರಿಗೂ ಮೇಲೆ ಅದರ ಮೈ ಕಾಯುತ್ತದೆ. ಆ ಕಾವು ನಿಧಾನಕ್ಕೆ ಕೆಳಗಿಳಿದು ಒಳಗೆ ಮುಟ್ಟುವುದು ಸಂಜೆಗೆ. ಫ್ಯಾನ್ ಹಾಕಿದರೆ ಚಾವಣಿ ಹತ್ತಿರದ ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಬಿಸಿಲನ್ನು ಮೇಲೆಯೇ ತಿರುಗಿಸಿ ಕಳಿಸಿದರೆ ಮಾತ್ರ ಇದಕ್ಕೆ ಪರಿಹಾರ. ಹೊಸದಾಗಿ ಬಳಿದ ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ವಾಪಸ್ ಕಳಿಸುತ್ತದೆ. ಒಳಗೆ 2ರಿಂದ 5 ಡಿಗ್ರಿ ಇಳಿಯುವುದನ್ನು ಕಾಣಬಹುದು. 2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ 46.8 ಡಿಗ್ರಿ ಮುಟ್ಟಿ ನೂರಾರು ಜನ ಸತ್ತರು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿಕೊಂಡಿತು. ಮುಂದೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವುದೂ ಅದರ ಭಾಗವಾಯಿತು. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು.

ಸುಣ್ಣವೋ, ಬಿಳಿ ಅಕ್ರಿಲಿಕ್ ಬಣ್ಣವೋ? ಸುಣ್ಣ ಅಗ್ಗ, ಆದರೆ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಸೋರುವುದನ್ನೂ ನಿಲ್ಲಿಸುವುದಿಲ್ಲ. ನಿಮ್ಮದು ಸೋರುವ ಚಾವಣಿ. ಹಾಗಾಗಿ ಬಿಳಿ ಬಣ್ಣದ ವಾಟರ್‌ಪ್ರೂಫ್ ಅಕ್ರಿಲಿಕ್ ತಗೊಳ್ಳಿ, ಎರಡೂ ಕೆಲಸ ಒಂದರಲ್ಲೇ ಆಗುತ್ತದೆ. ದುಡ್ಡು ಜಾಸ್ತಿ, ಆದರೆ ನಾಲ್ಕಾರು ವರ್ಷ ಬಾಳುತ್ತದೆ. ಬೆಳಗ್ಗೆ ಆರಕ್ಕೆ ಶುರು ಮಾಡಿ, ಎಂಟೂವರೆಯೊಳಗೆ ನಿಲ್ಲಿಸಿ. ಎರಡನೇ ಕೋಟು ಮರುದಿನ ಬೆಳಗ್ಗೆ, ಮೊದಲನೆಯದಕ್ಕೆ ಅಡ್ಡಲಾಗಿ. ಕಾದ ಕಾಂಕ್ರೀಟಿನ ಮೇಲೆ ಬಣ್ಣ ಹೊಡೆದರೆ ಬ್ರಷ್ ಎಳೆಯುವಷ್ಟರಲ್ಲೇ ಕೆನೆಗಟ್ಟುತ್ತದೆ, ಒಳಗೆ ಹಿಡಿದುಕೊಳ್ಳುವುದಿಲ್ಲ. ಕೈಯಿಂದ ಮುಟ್ಟಿ ನೋಡಿ. ಅಂಗೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಬಣ್ಣ ಬೇಡ.

ನಿಮ್ಮ ಬೀದಿಯಲ್ಲಿ ಯಾರಾದರೂ ಸುಣ್ಣವೇ ಸಾಕು ಅನ್ನುವವರಿದ್ದರೆ ಅವರಿಗೂ ಎರಡು ಮಾತು. ಸುಣ್ಣ ಸಂಜೆ ಬಳಿಯಬೇಕು, ಮೊದಲು ಮಾಳಿಗೆ ಒದ್ದೆ ಮಾಡಿಕೊಳ್ಳಬೇಕು. ಸುಣ್ಣ ಗಾಳಿಯಿಂದ ಇಂಗಾಲಾಮ್ಲ ಹೀರಿಕೊಂಡು ಗಟ್ಟಿಯಾಗುತ್ತದೆ, ಅದಕ್ಕೆ ತೇವ ಬೇಕು. ಬಿಸಿಲಲ್ಲಿ ತಟ್ಟನೆ ಒಣಗಿದ ಸುಣ್ಣ ಕಾಲಿಗೆ ಹತ್ತುವ ಹಿಟ್ಟು ಮಾತ್ರ. ಅಂಟು ಬರಲಿ ಅಂತ ಸುಣ್ಣಕ್ಕೆ ಉಪ್ಪು ಹಾಕುವ ರೂಢಿ ಇದೆ. ಮಣ್ಣಿನ ಗೋಡೆಗೆ ಅದು ನಡೆಯುತ್ತಿತ್ತು. ಆರ್‌ಸಿಸಿ ಚಾವಣಿಗೆ ದಯವಿಟ್ಟು ಹಾಕಬೇಡಿ, ಉಪ್ಪು ಒಳಗಿಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕುವಾಗ ಅದು ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಬೆಳಗ್ಗೆ ಆರರಿಂದ ಎಂಟೂವರೆ, ಸಂಜೆ ಐದೂವರೆಯಿಂದ ಏಳು. ಮಾಳಿಗೆಯ ಮೇಲಿನ ಕೆಲಸಕ್ಕೆ ಇಷ್ಟೇ ಹೊತ್ತು. ಸಂಜೆಯ ಹೊತ್ತಿಗೆ ಇನ್ನೊಂದು ಭಯ ಇದೆ. ಮೇ ಮಧ್ಯ ಅಂದರೆ ಕೃತ್ತಿಕೆ ಮಳೆಯ ಕಾಲ. ಬಿಸಿಲಿದ್ದ ಹಾಗೇ ಮೋಡ ಕಟ್ಟಿ, ಗಾಳಿ ಎದ್ದು ಸಿಡಿಲು ಬೀಳುತ್ತದೆ. ಗುಡುಗು ಕೇಳಿದ ಕೂಡಲೇ ಡಬ್ಬಿ, ಬ್ರಷ್ಷು ಅಲ್ಲೇ ಬಿಟ್ಟು ಇಳಿಯಿರಿ. ಕೋಟು ಕೆಟ್ಟರೆ ಮತ್ತೆ ಹೊಡೆಯಬಹುದು.

ಮೈಯ ವಿಷಯ. ನಾವು ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಈ ವಿಷಯದಲ್ಲಿ ಕಲಬುರಗಿಯ ಒಣ ಹವೆ ನಿಮಗೆ ಗೆಳೆಯ. ಮಂಗಳೂರಿನಲ್ಲಿ ಒದ್ದೆ ಟವೆಲ್ ಕುತ್ತಿಗೆಗೆ ಹಾಕಿಕೊಂಡರೆ ಅದು ಒದ್ದೆಯಾಗಿಯೇ ಉಳಿಯುತ್ತದೆ. ಕಲಬುರಗಿಯಲ್ಲಿ ಹತ್ತು ನಿಮಿಷಕ್ಕೆ ಆರುತ್ತದೆ, ಆರುವಾಗ ಮೈ ತಣ್ಣಗಾಗುತ್ತದೆ. ತೆಳು ಹತ್ತಿಯ ಅರಿವೆ ಒದ್ದೆ ಮಾಡಿ ತಲೆಗೆ ಸುತ್ತಿಕೊಳ್ಳಿ, ಇನ್ನೊಂದು ಕುತ್ತಿಗೆಗೆ. ಪೂರ್ತಿ ತೋಳಿನ ಸಡಿಲ ಹತ್ತಿ ಅಂಗಿ ಹಾಕಿ. ಬನಿಯನ್ ಒಂದರಲ್ಲೇ ಮಾಳಿಗೆ ಹತ್ತಬೇಡಿ, ಬಿಸಿಲು ನೇರ ಚರ್ಮಕ್ಕೆ ಬಿದ್ದರೆ ಮೈ ಇನ್ನೂ ಬೇಗ ಕಾಯುತ್ತದೆ. ಇದೇ ಒಣ ಹವೆಯ ತೊಂದರೆಯೂ ಇದೆ. ಬೆವರು ಆಗಿಂದಾಗಲೇ ಆರುವುದರಿಂದ ನಾನು ಬೆವರುತ್ತಲೇ ಇಲ್ಲ, ನೀರು ಬೇಡ ಅನ್ನಿಸುತ್ತದೆ. ಬಾಯಾರಿಕೆಯನ್ನು ಕಾಯಬೇಡಿ. ಕೆಲಸದಲ್ಲಿರುವಾಗ 15, 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಿರಿ. ಒಮ್ಮೆಗೇ ಎರಡು ಲೀಟರ್ ಸುರಿದುಕೊಳ್ಳುವುದೂ ಬೇಡ. ತಾಸಿಗೆ ಒಂದೂವರೆ ಲೀಟರ್ ಮೀರದಿರಲಿ.

ಬರೀ ನೀರಿನ ಜೊತೆ ಉಪ್ಪೂ ಒಳಗೆ ಹೋಗಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ, ಜೋಳದ ಅಂಬಲಿ, ನಿಂಬೆ ಪಾನಕ, ಯಾವುದಾದರೂ ಸರಿ. ನಮ್ಮ ಅಮ್ಮಂದಿರು ಮಾಡುತ್ತಿದ್ದ ಅಂಬಲಿ, ಉಳ್ಳಾಗಡ್ಡಿಯ ನಾಷ್ಟಾಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ. ಉಳ್ಳಾಗಡ್ಡಿ ತಿನ್ನಿ, ಆದರೆ ಅದನ್ನು ಕಿಸೆಯಲ್ಲಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಅಂತ ನಂಬಿ ನಿಲ್ಲಬೇಡಿ. ಸುಸ್ತಾದರೆ ಓಆರ್‌ಎಸ್. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಮಟ್ಟಸ ಅಳತೆ. ಇದಕ್ಕಿಂತ ಉಪ್ಪು ಜಾಸ್ತಿ ಮಾಡಬಾರದು.

ಒಬ್ಬರೇ ಮಾಳಿಗೆಗೆ ಹೋಗಬೇಡಿ. ಇದನ್ನು ಹೇಳಲು ನನಗೆ ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೇ ತಿಂಗಳ ಮಧ್ಯಾಹ್ನ ಸ್ಲ್ಯಾಬಿನ ಮೇಲೆ ಒಬ್ಬ ಹುಡುಗ ಅಸಂಬದ್ಧ ಮಾತಾಡತೊಡಗಿದ. ಕರಣಿ ಕೊಡು ಅಂದರೆ ಬಕೆಟ್ ಕೊಟ್ಟ. ಕುಡಿದು ಬಂದಿದ್ದಾನೆ ಅಂತ ನಾನು ಗದರಿದೆ. ಐದು ನಿಮಿಷದಲ್ಲಿ ಕುಸಿದು ಬಿದ್ದ. ಮೈಯೆಲ್ಲ ಬೆವರು ಇತ್ತು, ಹಾಗಾಗಿ ಬಿಸಿಲಾಘಾತ ಅಂತ ಯಾರಿಗೂ ಹೊಳೆಯಲಿಲ್ಲ. ಅಲ್ಲಿದ್ದ ಒಬ್ಬ ಹಿರಿಯ ಹೆಣ್ಣುಮಗಳು ಕ್ಯೂರಿಂಗಿಗೆ, ಅಂದರೆ ಸ್ಲ್ಯಾಬಿಗೆ ಉಣಿಸಲು, ಇಟ್ಟಿದ್ದ ನೀರನ್ನು ಕೊಡದಿಂದ ಅವನ ಮೇಲೆ ಸುರಿಯುತ್ತಲೇ ಹೋದಳು. ಹುಡುಗ ಉಳಿದ. ಆವತ್ತು ಗದರಿದ ನನ್ನ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬಿಸಿಲಾಘಾತವಾದರೆ ಬೆವರು ನಿಂತುಹೋಗುತ್ತದೆ ಅಂತ ಎಲ್ಲರೂ ಕೇಳಿರುತ್ತೇವೆ. ಮೈಮುರಿದು ಕೆಲಸ ಮಾಡುವವರಲ್ಲಿ ಬೆವರು ಸುರಿಯುತ್ತಿರುವಾಗಲೇ ಅದು ಆಗಬಹುದು. ನೋಡಬೇಕಾದದ್ದು ಬುದ್ಧಿಯನ್ನು. ಮಾತು ತೊದಲಿದರೆ, ಸಿಟ್ಟು ಬಂದರೆ, ಕೇಳಿದ್ದೊಂದು ಹೇಳಿದ್ದೊಂದು ಆದರೆ ಕೂಡಲೇ ನೆರಳಿಗೆ ಒಯ್ಯಿರಿ. ಅಂಗಿ ಸಡಿಲಿಸಿ, ಸಿಕ್ಕಷ್ಟು ನೀರು ಮೈಮೇಲೆ ಸುರಿದು ಗಾಳಿ ಹಾಕಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದು ನಿಲ್ಲಬಾರದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ.

ನಿಮ್ಮ ತಂದೆಯವರ ವಿಷಯಕ್ಕೆ ಬಂದರೆ, ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ಹೊರಹಾಕುತ್ತವೆ, ಕೆಲವು ಎದೆಬಡಿತ ಏರದಂತೆ ಹಿಡಿದಿಡುತ್ತವೆ. ಹಾಗಂತ ಮಾತ್ರೆ ಬಿಡಬಾರದು. ಬೇಸಿಗೆಗೆ ಏನಾದರೂ ಬದಲಿಸಬೇಕೇ, ಉಪ್ಪಿನ ಮಜ್ಜಿಗೆ ಎಷ್ಟು ಕುಡಿಯಬಹುದು ಅಂತ ಅವರ ಡಾಕ್ಟರನ್ನು ಈಗಲೇ ಕೇಳಿ. ಮಾಳಿಗೆ ಅವರಿಗೆ ಬೇಡ. ಆದರೆ ನೀವು ಸುಮ್ನೆ ಕೂತ್ಕೊಳ್ಳಿ ಅಂದರೆ ಯಾವ ತಂದೆಯೂ ಕೇಳುವುದಿಲ್ಲ. ಅವರಿಗೆ ನಿಜವಾದ ಕೆಲಸ ಕೊಡಿ. ಎಂಟೂವರೆಗೆ ನಿಮ್ಮನ್ನು ಇಳಿಸುವ ಅಧಿಕಾರ ಅವರದಾಗಲಿ. ಅವರು ಕೆಳಗಿಂದ ಕೂಗಿದರೆ, ಇನ್ನೊಂದೇ ಪಟ್ಟಿ ಉಳಿದಿದೆ ಅನ್ನದೆ ಇಳಿದುಬಿಡಿ.

ಕೂಲರ್ ಕೆಲಸ ನೆರಳಲ್ಲಿ ಕೂತು ಮಾಡುವಂಥದ್ದು, ಅಪ್ಪ ಮಗ ಇಬ್ಬರೂ ಮಾಡಬಹುದು. ಹಳೆಯ ಹುಲ್ಲಿನ ಪ್ಯಾಡ್ ತೆಗೆದು ಹೊಸದು ಹಾಕಿ, ಉಪ್ಪುಗಟ್ಟಿದ ಪ್ಯಾಡ್‌ನಲ್ಲಿ ಗಾಳಿ ಆಡುವುದಿಲ್ಲ. ಕೂಲರ್ ಇಟ್ಟ ಕೋಣೆಯ ಎದುರಿನ ಕಿಟಕಿ ತೆರೆದಿರಲಿ. ಎಲ್ಲ ಮುಚ್ಚಿದರೆ ಒಳಗೆ ತೇವ ತುಂಬಿ ಸೆಖೆಯಾಗುತ್ತದೆ. ಆದರೆ ಅದಕ್ಕಿಂತ ದೊಡ್ಡದು ಕರೆಂಟು. ತಗಡಿನ ಕೂಲರ್, ಒಳಗೆ ನೀರು, ಪಂಪು, ಒದ್ದೆ ಫರಸಿಯ ಮೇಲೆ ಬರಿಗಾಲು. ಪ್ರತಿ ಬೇಸಿಗೆ ಇದರಿಂದ ಸಾವುಗಳಾಗುತ್ತವೆ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. 1994ರ ಮನೆ ಅಂದಿರಿ, ಅರ್ಥಿಂಗ್ ಈಗಲೂ ಜೀವಂತ ಇದೆಯೇ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದನ್ನು, ಅಂದರೆ ಕರೆಂಟು ಮೈಗೋ ನೆಲಕ್ಕೋ ಸೋರಿದ ಕೂಡಲೇ ತಾನೇ ಕಡಿದುಹಾಕುವ ಸ್ವಿಚ್ಚನ್ನು, ಹಾಕಿಸಿ. ಈ ಎಲ್ಲ ಖರ್ಚಿನಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ, ಬಿಳಿ ಬಣ್ಣ ಬಿಟ್ಟು ಇದನ್ನು ಮಾಡಿಸಿ. ಫ್ಯಾನ್ ನಿಧಾನ ಆಗಿದ್ದರೆ ಹೆಚ್ಚಿನ ಸಲ ಕಂಡೆನ್ಸರ್ ಹೋಗಿರುತ್ತದೆ, ಅದನ್ನೂ ಅವರೇ ಬದಲಿಸುತ್ತಾರೆ.

ಸಂಪು ತೊಳೆಯುವುದು ತಂಪಿನ ಕೆಲಸ ಅಂತ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವವರಿದ್ದಾರೆ. ಒಬ್ಬರೇ ಇಳಿಯಬೇಡಿ. ಮೋಟರಿನ ಕರೆಂಟು ಪೂರ್ತಿ ತೆಗೆಯಿರಿ. ಮುಚ್ಚಳ ಒಂದು ತಾಸು ಮೊದಲೇ ತೆಗೆದಿಟ್ಟು ಗಾಳಿ ಆಡಲು ಬಿಡಿ, ಮೇಲೊಬ್ಬರು ನಿಂತಿರಲಿ. ಬ್ಲೀಚಿಂಗ್ ಪೌಡರ್ ಮತ್ತು ಬಾತ್‌ರೂಮ್ ಆ್ಯಸಿಡ್ ಎರಡನ್ನೂ ಯಾವತ್ತೂ ಒಟ್ಟಿಗೆ ಬಳಸಬೇಡಿ. ಆಗ ಏಳುವ ಕ್ಲೋರಿನ್ ಅನಿಲ ಸಂಪಿನಂಥ ಇಕ್ಕಟ್ಟಿನಲ್ಲಿ ಜೀವ ತೆಗೆಯಬಹುದು. ನೀರು ಕೂಡಿಡುವ ಡ್ರಮ್ಮುಗಳ ಒಳಮೈಯನ್ನು ಮಾತ್ರ ಚೆನ್ನಾಗಿ ತಿಕ್ಕಿ ತೊಳೆಯಿರಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ.

ಹಾಗಾದರೆ ಹನ್ನೊಂದರಿಂದ ನಾಲ್ಕರವರೆಗೆ ಏನು ಮಾಡಲಿ ಅಂತ ಕೇಳಬಹುದು. ಉಂಡು ಮಲಗಿ. ಫರಸಿಯ ಮೇಲೆ ನೀರು ಒರೆಸಿ, ಚಾಪೆ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು ಮಲಗಿ. ರಾತ್ರಿ ನಿದ್ದೆ ಕೆಟ್ಟವರಿಗೆ ಮರುದಿನ ಬಿಸಿಲು ತಡೆಯುವ ಶಕ್ತಿ ಇರುವುದಿಲ್ಲ, ಹಗಲಿನ ನಿದ್ದೆಯೂ ನಿಮ್ಮ ಕೆಲಸದ ಭಾಗವೇ.

ಗೌಂಡಿಗೆ ಈ ವಾರವೇ ಹೇಳಿಡಿ, ಮೇ ಬಂದರೆ ಅವರು ಕೈಗೆ ಸಿಗುವುದಿಲ್ಲ. ಮನೆಯಲ್ಲಿ ಹಳೆಯ ಗೋಣಿ ಚೀಲಗಳಿದ್ದರೆ ಬಿಸಾಡದೆ ತೆಗೆದಿಡಲು ಅಮ್ಮನಿಗೆ ತಿಳಿಸಿ. ಎಂಟು ಹತ್ತು ಬೇಕಾಗುತ್ತವೆ. ಗಾರೆ ಒಣಗಿದ ಮೇಲೂ ಎಸೆಯಬೇಡಿ, ಎರಡನ್ನು ತೊಳೆದು ಒದ್ದೆ ಮಾಡಿ ಪಡುವಣ ಕಿಟಕಿಗೆ ಕಟ್ಟಿ. ಸಂಜೆಯ ಬಿಸಿಗಾಳಿ ಅದರೊಳಗಿಂದ ತಣ್ಣಗಾಗಿಯೇ ಒಳಗೆ ಬರುತ್ತದೆ.